ಮಜ್ಜಿಗೆ ಕರೆದ ಕೈಗವಸು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನಗೆ ಕಾಫಿ ದಕ್ಕದಿರಲಿ.

ಕೊಚ್ಚಿಯ ಹತ್ತಿರ ಏಲೂರಿನಲ್ಲಿ ಒಂದು ಕಾರ್ಖಾನೆಯ ಆಸಿಡ್ ಪಂಪು ಕೆಟ್ಟಿತ್ತು. ಅದನ್ನು ಬಿಚ್ಚಲು ಮೈಸೂರಿನಿಂದ ನಾನೇ ಹೋಗಬೇಕಾಯಿತು, ಬೇರೆ ಗಂಡಸರೆಲ್ಲಿ? ಆದರೆ ಸೇಫ್ಟಿ ಆಫೀಸರಮ್ಮ ಗೇಟಿನಲ್ಲೇ ತಡೆದರು.

“ಸಾರೇ, ಈ ಚರ್ಮದ ಕೈಗವಸು ವೆಲ್ಡಿಂಗ್‌ಗೆ ಸರಿ. ಆಸಿಡ್‌ಗೆ ಆಗಲ್ಲ.”

“ಎಮ್ಮೆ ಚರ್ಮ ಮೇಡಂ! ಹುಲಿ ಕಚ್ಚಿದರೆ ಅದರ ಹಲ್ಲೇ ಮುರಿಯುತ್ತೆ.”

“ಹುಲಿ ಕಚ್ಚುತ್ತೆ ಸಾರೇ, ಆಸಿಡ್ ಇಳಿಯುತ್ತೆ,” ಎಂದವರೇ ಕ್ಯಾಂಟೀನಿನಿಂದ ಮಜ್ಜಿಗೆ ತರಿಸಿ ಕೈಗವಸಿನೊಳಗೆ ಸುರಿದರು. ಐದೂ ಬೆರಳಿನ ಹೊಲಿಗೆಯಿಂದ ತೊಟ್ಟಿಕ್ಕತೊಡಗಿತು. ಹಾಲು ಕೊಡುವ ಎಮ್ಮೆಗಳನ್ನು ನೋಡಿದ್ದೆ, ಸತ್ತಮೇಲೆ ಮಜ್ಜಿಗೆ ಕೊಡುವ ಎಮ್ಮೆಯನ್ನು ಅಂದೇ ನೋಡಿದ್ದು.

“ಚೇಟ್ಟಾ, ಅಣ್ಣಾ, ನನಗೂ ಒಂದು ಗ್ಲಾಸು!” ಎಂದ ವಾಚ್‌ಮನ್.

ಮೇಡಂ ಕೊಟ್ಟ ಮೊಣಕೈವರೆಗಿನ ರಬ್ಬರ್ ಕೈಗವಸು ತೊಟ್ಟೆ. ಬೋಲ್ಟು ಸಡಿಲಿಸಿದ್ದೇ ತಡ, ಪಂಪಿನಲ್ಲಿ ಉಳಿದಿದ್ದ ಆಸಿಡ್ ನೇರ ನನ್ನ ಬಲಗೈ ಮೇಲೆ ಚೆಲ್ಲಿ, ರಬ್ಬರಿನ ಮೇಲಿಂದ ಜಾರಿ ಕೆಳಗೆ ಹೋಯಿತು. ಚರ್ಮದ್ದಾಗಿದ್ದರೆ ಇವತ್ತು ಎಡಗೈಯಲ್ಲಿ ಬರೆಯುತ್ತಿದ್ದೆ. ನಾನು ಮಾತ್ರ ಎವೆಯಿಕ್ಕದೆ, ಬಂಡೆಯ ಹಾಗೆ ನಿಂತಿದ್ದೆ.

ಸರಿ, ಆ ಬಂಡೆಯ ಮಾತೊಂದು ನಾನು ಸೇರಿಸಿದ್ದು. ನನ್ನ ಕೂಗಿಗೆ ಪಕ್ಕದ ಪೆರಿಯಾರ್ ನದಿ ದಂಡೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು.