ಉಪವಾಸದಲ್ಲಿ ಏರಿದ ಸಕ್ಕರೆ

ರಕ್ತದ ಸಕ್ಕರೆ ಇಳಿದರೆ ಮಾತ್ರ ಕಣ್ಣಿನ ಪೊರೆ ತೆಗೆಯುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. ನಾನು ಅರಿಶಿನದ ವ್ಯಾಪಾರಿ; ಕಣ್ಣು ಮಂಜಾದರೆ ಬಣ್ಣ ನೋಡಿ ಮಾಲು ಕೊಳ್ಳುವುದು ಹೇಗೆ? ಹಾಗಾಗಿ ಮಾಲು ನೋಡಲು ತಾಳವಾಡಿಗೆ ಹೋದಾಗ ಒಂದು ದಿನವಿಡೀ ಮುದ್ದೆಯಿರಲಿ, ಏನನ್ನೂ ಮುಟ್ಟಲಿಲ್ಲ. ಊಟವೇ ಇಲ್ಲದ ಮೇಲೆ ಸಕ್ಕರೆ ಕಾಯಿಲೆಯ ಮಾತ್ರೆ ಯಾಕೆಂದು ಅದನ್ನೂ ಬಿಟ್ಟೆ. ಬೆಳಿಗ್ಗೆ ಅಲ್ಲಿನ ಲ್ಯಾಬಿನಲ್ಲಿ ಬೆರಳು ಚುಚ್ಚಿಸಿಕೊಂಡರೆ ಸಕ್ಕರೆ ಮೊದಲಿಗಿಂತ ಜಾಸ್ತಿ.

"ನಿನ್ನೆಯಿಂದ ಊಟ, ಮಾತ್ರೆ ಎರಡೂ ಬಿಟ್ಟಿದ್ದೀನಿ. ನಿಮ್ಮ ಮಿಷನ್ನೇ ಕೆಟ್ಟಿರಬೇಕಮ್ಮ," ಎಂದೆ.

"ಮಿಷನ್ ಸರ್ಯಾಗೇ ಅದೆ ಕಣಣ್ಣ," ಎಂದಳು ಲ್ಯಾಬಿನಾಕೆ. "ಒಟ್ಟೆ ಕಾಲಿ ಇದ್ರೆ ಲಿವರು ತಾನು ಕೂಡಿಟ್ಟ ಸಕ್ಕರೆಯ ರಕ್ತಕ್ಕೆ ಬುಡ್ತದೆ. ಅದ ತಡಿಯಕ್ಕೇ ಆ ಮಾತ್ರೆ ಇರೋದು."

"ನಾನು ಕೇಳದೆ ಯಾಕೆ ಬಿಡುತ್ತೆ?"

"ನಿಮ್ಮ ಕೇಳ್ಕಂಡು ಬುಡದಿಲ್ಲ ಅದು. ಮೊದ್ಲು ಓಗಿ ಉಣ್ಣಿ."

ಆಪರೇಷನ್ ಮುಂದಕ್ಕೆ ಹೋಯಿತು. ನನ್ನ ಗೋಡೌನಿನ ಬೀಗದ ಕೈ ಇಷ್ಟು ವರ್ಷ ನನ್ನ ಸೊಂಟ ಬಿಟ್ಟಿಲ್ಲ. ಹೊಟ್ಟೆಯೊಳಗಿರುವ ಈ ಸಕ್ಕರೆ ಗೋಡೌನಿನದು ಯಾರ ಹತ್ತಿರ ಇದೆಯೋ, ಇನ್ನೂ ಗೊತ್ತಾಗಿಲ್ಲ.