ಪಟ್ಟೆ ಬೀಳದ ಹುಲಿ, ಮಣಿಪಾಲದ ಫೈನಲ್

ಅಷ್ಟಮಿಯ ಮರುದಿನ ಬೆಳಿಗ್ಗೆ ನನ್ನನ್ನು ಬರೀ ಚಡ್ಡಿಯಲ್ಲಿ ನಿಲ್ಲಿಸಿ, ನೆತ್ತಿಯಿಂದ ಪಾದದವರೆಗೆ ಹಳದಿ ಎಣ್ಣೆಬಣ್ಣ ಬಳಿದರು. ಕೈ ಚಾಚಿ ಹಿಡಿದುಕೊಳ್ಳಲು ಎರಡು ಕೋಲು ಕೊಟ್ಟರು. ಬಣ್ಣ ಒಣಗುವ ತನಕ ಕೂರುವಂತಿಲ್ಲ, ಒರಗುವಂತಿಲ್ಲ. ಮೂಗಿನ ತುದಿ ಬೇಕೆಂದೇ ತುರಿಸುತ್ತಿತ್ತು. ಬಾಗಲಕೋಟೆಯ ಗೆಳೆಯರೇ, ನಮ್ಮ ಹೋಳಿಯಲ್ಲಿ ಬಣ್ಣ ಎರಚಿ ಓಡುತ್ತೇವೆ. ಇಲ್ಲಿ ಬಣ್ಣ ಹಚ್ಚಿ ನಿಲ್ಲಿಸುತ್ತಾರೆ.

ಎಪ್ಪತ್ತೆಂಟರಲ್ಲಿ ಮಣಿಪಾಲದ ಪ್ರೆಸ್ಸೊಂದಕ್ಕೆ ಅಚ್ಚಿನ ಮೊಳೆ ಜೋಡಿಸಲು ಬಂದವನು ನಾನು. ಉಡುಪಿಯಲ್ಲಿ ಕೋಣೆ. ದಪ್ಪ ಕುಚ್ಚಲಕ್ಕಿ ಅನ್ನ ಅಗಿಯುತ್ತಾ ಜೋಳದ ರೊಟ್ಟಿ ನೆನೆದು ಅತ್ತಿದ್ದೇನೆ. ಆಮೇಲೆ ಆ ಅಳುವನ್ನೇ ನಟಿಸಿ ತೋರಿಸಿ ಜನರನ್ನು ನಗಿಸಿದ್ದೇನೆ. ಇಲ್ಲಿಯವರು ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡಿ, ನನ್ನೊಡನೆ ಮಾತ್ರ ಪಠ್ಯಪುಸ್ತಕ ತೆರೆದಂತೆ ಕನ್ನಡ ಮಾತಾಡುತ್ತಾರೆ. ನಾನು ಬಾಯಿಬಿಟ್ಟರೆ ರೇಡಿಯೊ ಕೆಟ್ಟಿತೇನೋ ಎಂಬಂತೆ ನೋಡುತ್ತಾರೆ.

ಹಾಗೆ ನೋಡದೆ ನಕ್ಕವನು ಹಸನ್ ಒಬ್ಬನೇ. ಉಚ್ಚಿಲದ ಬ್ಯಾರಿ ಹುಡುಗ, ನನ್ನ ಕೋಣೆಯ ಜೊತೆಗಾರ, ಪ್ರೆಸ್ಸಿನ ಫುಟ್ಬಾಲ್ ತಂಡದಲ್ಲಿ ಗೋಲು ಹೊಡೆಯುವವನು. ಅವನ ಆಟಕ್ಕೆ ಗೆರೆಯಾಚೆ ನಿಂತು, ನಮ್ಮೂರ ಮಾತಿನಲ್ಲಿ ರೇಡಿಯೊ ಕಾಮೆಂಟರಿ ಕೊಡುವುದು ನನ್ನ ಕೆಲಸ. ಈ ಊರಲ್ಲಿ ನನಗೆ ದಕ್ಕಿದ್ದ ಜಾಗ ಅಷ್ಟೇ, ಒಂದು ಗೆರೆಯಷ್ಟು.

ಆಗ ಕಾರ್ಕಳದಿಂದ ವಾಲ್ಟರ್ ಬಂದ. ಬೈಂಡಿಂಗ್ ವಿಭಾಗದವನು, ಅವನೂ ಮಿಮಿಕ್ರಿಯವನೇ. ಹಸನ್ ಅವನ ಮಾತಿಗೆ ತುಳುವಿನಲ್ಲಿ ನಗುತ್ತಿದ್ದ. ಆ ನಗು ನನಗೆ ಸಿಗುತ್ತಿದ್ದ ನಗುವಿಗಿಂತ ಉದ್ದವಿತ್ತು. ನಾನು ಅಳೆಯುತ್ತಿದ್ದೆ.

ಅದಕ್ಕೇ ಮೀನಿನ ಲಾರಿಯ ಸದಣ್ಣ ತನ್ನ ಹುಲಿವೇಷದ ತಂಡಕ್ಕೆ ಒಬ್ಬ ಕಡಿಮೆ ಉಂಟು ಎಂದಾಗ ಒಪ್ಪಿಕೊಂಡೆ. ಅಷ್ಟಮಿಯ ಮರುದಿನದ ವಿಟ್ಲಪಿಂಡಿಗೆ ಉಡುಪಿಯ ರಥಬೀದಿಯ ತುಂಬ ಮೊಸರುಕುಡಿಕೆ, ವೇಷ, ತಾಸೆಯ ಬಡಿತ. ಅದೇ ಮಧ್ಯಾಹ್ನ ಮಣಿಪಾಲದಲ್ಲಿ ಹಸನ್ ಆಡುವ ಫುಟ್ಬಾಲ್ ಚಾಂಪಿಯನ್‌ಶಿಪ್ಪಿನ ಫೈನಲ್.

"ನೀನು ಬರುವುದಿಲ್ಲವಾ?" ಎಂದು ಹಸನ್ ಕೇಳಿದ್ದ.

"ವಾಲ್ಟರ್ ಇದ್ದಾನಲ್ಲ ನಿನಗೆ."

"ಎಂತ ಮಾರಾಯ, ಹೊಸ ಸೊಸೆಯ ಹಾಗೆ ಮಾತಾಡ್ತಿ," ಎಂದು ಬೂಟು ಹೆಗಲಿಗೆ ಹಾಕಿಕೊಂಡು ಹೋದ.

ಈಗ ಕೋಲು ಹಿಡಿದು ನಿಂತವನ ಕಿವಿಗೆ ಬೀದಿಯ ತಾಸೆ ಕೇಳುತ್ತಿತ್ತು, ತಲೆಯೊಳಗೆ ವಾಲ್ಟರನ ಕಾಮೆಂಟರಿ. ಮೈ ಒಣಗಿತು, ಹೊಟ್ಟೆಯ ಉರಿ ಆರಲಿಲ್ಲ. ಸದಣ್ಣ ಕಪ್ಪು ಬಣ್ಣದ ಡಬ್ಬಿ ತೆರೆದಾಗ ಕೋಲುಗಳನ್ನು ಗೋಡೆಗೆ ಒರಗಿಸಿದೆ.

"ಎಲ್ಲಿಗೆ? ಪಟ್ಟೆ ಹಾಕದೆ ಹುಲಿ ಹೊರಗೆ ಹೋಗ್ಲಿಕ್ಕುಂಟಾ?"

"ಈಗ ಬಂದೆ ಸದಣ್ಣ."

"ಬಾಗಲಕೋಟೆಗೆ ಹೋಗ್ತಿಯೋ ಹೇಗೆ?" ಎಂದ. ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ಅವನ ಸಾಲಿನಲ್ಲಿ ಈಗ ಮತ್ತೆ ಒಬ್ಬ ಕಡಿಮೆ.

ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು ಫುಟ್‌ಬೋರ್ಡಿನಲ್ಲೇ ನಿಲ್ಲಿಸಿದ. "ಸೀಟು ಮುಟ್ಟಬೇಡಿ. ನೀವು ಯಾವ ವೇಷ, ಮಾವಿನಹಣ್ಣಾ?"

ಮೈದಾನ ಕೆಸರು, ಆಟ ಮುಗಿಯುವ ಹೊತ್ತು, ಎರಡೂ ಕಡೆ ಸಮ. ಗೆರೆಯ ಬಳಿಯ ಗುಂಪಿನಿಂದ ಒಂದು ದನಿ ಬಂತು: "ಹಸನಸಾಬ್ರು ಹೊಂಟಾರ ನೋಡ್ರೆಪಾ, ಯಾರರೆ ಅಡ್ಡ ಬರ್ರಿ, ಆಮ್ಯಾಲೆ ನಮ್ಮನ್ನ ಬೈಬ್ಯಾಡ್ರಿ..."

ನನ್ನ ದನಿ. ನಮ್ಮವ್ವ ಕೇಳಿದ್ದರೆ ಊಟಕ್ಕೆ ಕರೆಯುತ್ತಿದ್ದಳು. ವಾಲ್ಟರ್ ಸೊಂಟಕ್ಕೆ ಕೈಯಿಟ್ಟು, ನಾನು ಉಗುಳು ನುಂಗುವ ಜಾಗದಲ್ಲೇ ಉಗುಳು ನುಂಗುತ್ತಾ ನಾನಾಗಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ನನಗಿಂತ ಚೆನ್ನಾಗಿ ಮಾಡುತ್ತಿದ್ದ, ಕಳ್ಳ.

ಹಸನ್ ಗೋಲು ಹೊಡೆದ. ಗೆದ್ದ ಮೇಲೆ ಕೆಸರು ಮೆತ್ತಿದ ಕೈಯಲ್ಲೇ ನನ್ನ ಹಳದಿ ಹೆಗಲು ಹಿಡಿದು ಹೇಳಿದ: "ನೀನಿಲ್ಲದೆ ಕಾಲು ಓಡಲಿಲ್ಲ. ಅರ್ಧ ಆಟ ಮುಗಿದ ಮೇಲೆ ನಾನೇ ಇವನಿಗೆ ಹೇಳಿದೆ, ಅವನ ಹಾಗೆ ಮಾತಾಡು ಅಂತ."

"ಕಷ್ಟ ಉಂಟು ನಿಮ್ಮ ಭಾಷೆ," ಎಂದ ವಾಲ್ಟರ್. "ಎರಡು ತಿಂಗಳು ನಿಮ್ಮ ಹಿಂದೆ ನಿಂತು ಕಲಿತದ್ದು."

ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಅಷ್ಟರಲ್ಲಿ ರಸ್ತೆಯಲ್ಲಿ ಯಾವುದೋ ಹುಲಿತಂಡ ಹಾದುಹೋಯಿತು, ತಾಸೆಗೆ ನನ್ನ ಕಾಲು ತಾನೇ ಕುಣಿಯಿತು. ಪಟ್ಟೆ ಇದ್ದ ಆ ಹುಲಿಗಳನ್ನು ಕಂಡು ಮತ್ತೆ ಹೊಟ್ಟೆ ಉರಿಯಿತು.

ಸೀಮೆಎಣ್ಣೆಯಲ್ಲಿ ಉಜ್ಜಿದರೂ ಕಿವಿಯ ಹಿಂದೆ ಹಳದಿ ಉಳಿಯಿತು. ದೀಪಾವಳಿಗೆ ಊರಿಗೆ ಹೋದಾಗ ಎಣ್ಣೆ ಹಚ್ಚುತ್ತಿದ್ದ ಅವ್ವ ಅದನ್ನು ಕಂಡಳು. "ಇದ್ಯಾವ ಬಣ್ಣೋ? ಹೋಳಿ ಇನ್ನೂ ದೂರ ಐತಿ."

"ಎಂತ ಇಲ್ಲ," ಎಂದೆ.

ಅವ್ವನ ಕೈ ನಿಂತಿತು. "ಯಾರ ಹಂಗ ಮಾತಾಡಾಕತ್ತೀಯೋ?"

ಯಾರನ್ನೂ ಅಣಕಿಸುತ್ತಿರಲಿಲ್ಲ ನಾನು.