ಟೈಲರ್ ಮಾಮನ ನೂರು ಮೀಟರ್

ಮೊನ್ನೆ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗುಂಡ್ಲುಪೇಟೆಯ ನಮ್ಮ ಟೈಲರ್ ಮಾಮ ಕಣ್ಣೆದುರು ಬಂದು ನಿಂತರು... ತೊಂಬತ್ತರ ದಶಕದ ಮಾತು. ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಅವರ ಅಂಗಡಿಯಿತ್ತು.

ಬೇರೆ ಟೈಲರ್‌ಗಳ ಅಂಗಡಿಯಲ್ಲಿ ಸಿನಿಮಾ ನಟರ ಪಟಗಳಿದ್ದರೆ ಇವರ ಗೋಡೆ ತುಂಬ ಜಗತ್ತಿನ ಅತಿ ವೇಗದ ಓಟಗಾರರು. ನೂರು ಮೀಟರ್ ಗೆದ್ದವರ ಫೋಟೊ ಪೇಪರಿನಲ್ಲಿ ಬಂದರೆ ಸಾಕು, ಕಾಗದ ಮುಟ್ಟಿಸಬಾರದ ಬಟ್ಟೆ ಕತ್ತರಿಯಿಂದಲೇ ಕತ್ತರಿಸಿ ಅಂಟಿಸುತ್ತಿದ್ದರು. ಹತ್ತು ಸೆಕೆಂಡಿನೊಳಗೆ ಓಡಿದವರ ಹೆಸರೆಲ್ಲ ಬಾಯಿಪಾಠ. ತಾವು ಮಾತ್ರ ಬಸ್ಸು ತಪ್ಪುತ್ತದೆ ಎಂದರೂ ನಡೆದೇ ಹೋಗುವ ಆಸಾಮಿ! ಶಾಲೆಗೆ ಹೋಗುತ್ತಿದ್ದ ನಾನು ಬೀದಿಯಲ್ಲಿ ಓಡುವುದನ್ನು ಕಂಡದ್ದೇ, ಮಾಮ ನನಗೆ ಗುರುವಾಗಿಬಿಟ್ಟರು.

"ಮೈ ಮುಂದಕ್ಕೆ ಬಗ್ಸು, ಕೈ ಎಲ್ಡೂ ಇಂದಕ್ಕೆ ಬುಡು ಕಣಮ್ಮಿ. ನೋಡು, ಗೆದ್ದೋರೆಲ್ಲ ಇಂಗೇ ಓಡಿರದು," ಎಂದು ಗೋಡೆ ತೋರಿಸುತ್ತಿದ್ದರು. ನಾನೂ ಹಾಗೇ ಅಭ್ಯಾಸ ಮಾಡಿದೆ. ಚಾಮರಾಜನಗರದ ಪಂದ್ಯದಲ್ಲಿ ಗೆದ್ದರೆ ಮೈಸೂರಿಗೆ ಹೋಗಿ ಓಡಬಹುದಿತ್ತು. ನನಗೆ ಅದೊಂದೇ ಆಸೆ. ಆದರೆ ಹಾಗೆ ಬಗ್ಗಿ ಓಡುತ್ತಾ ಅರ್ಧ ಓಟದಲ್ಲೇ ಮುಗ್ಗರಿಸಿ ಬಿದ್ದು ಮಂಡಿ ತರಚಿಕೊಂಡೆ. ಇನ್ನು ಓಟ ಸಾಕು ಎಂದುಬಿಟ್ಟರು ಅಪ್ಪ.

ಅಷ್ಟರಲ್ಲಿ ಒಲಿಂಪಿಕ್ಸ್ ಬಂತು. ನಮ್ಮ ಮನೆಗೆ ಹೊಸದಾಗಿ ಟಿ.ವಿ. ತಂದಿದ್ದರು. ಮಾಮ ಮೊದಲ ಸಲ ನೂರು ಮೀಟರ್ ಓಟವನ್ನು ಕಣ್ಣಾರೆ ನೋಡಿದರು. ಓಟಗಾರರು ನೆಟ್ಟಗೆ ಓಡಿಬಂದು, ಗೆರೆ ದಾಟುವಾಗ ಮಾತ್ರ ಮೈ ಮುಂದಕ್ಕೆ ಚಾಚಿದರು. ಪೇಪರಿನಲ್ಲಿ ಬರುತ್ತಿದ್ದುದು ಆ ಕೊನೆಯ ಗಳಿಗೆಯ ಫೋಟೊ ಅಷ್ಟೇ! ನನಗೆ ನಗು ತಡೆಯಲಾಗಲಿಲ್ಲ. ಮಾಮ ನಗಲಿಲ್ಲ. ಪೆಚ್ಚುಮುಖ ಹಾಕಿಕೊಂಡು ಅಪ್ಪನ ಕೈ ಹಿಡಿದರು.

"ತಪ್ಪು ನಂದು ಕಣಣ್ಣ, ಮಗೀದಲ್ಲ. ಇನ್ನೊಂದ್ಸಲ ಓಡಕ್ಕೆ ಬುಡಿ."

ಅಪ್ಪ ಒಪ್ಪಿದರು. ಮುಂದಿನ ಸಲದ ಪಂದ್ಯಕ್ಕೆ ಮಾಮ ಅಂಗಡಿಗೆ ಬಾಗಿಲು ಹಾಕಿ ನಮ್ಮೊಂದಿಗೆ ಚಾಮರಾಜನಗರದ ಬಸ್ಸು ಹತ್ತಿದರು. ನಾನು ನೆಟ್ಟಗೆ ಓಡಿದೆ. ಎಡವಲಿಲ್ಲ, ಬೀಳಲಿಲ್ಲ. ಆದರೂ ಮೂವರು ನನಗಿಂತ ಮುಂದಿದ್ದರು... ನನ್ನ ವೇಗವೇ ಅಷ್ಟು ಎಂದು ನನಗೆ ಗೊತ್ತಾಯಿತು. ಅಪ್ಪನಿಗೂ ಗೊತ್ತಾಯಿತು. ಮಾಮ ಮಾತ್ರ ಒಪ್ಪಲಿಲ್ಲ.

"ನಿನ್ ಲೈನಲ್ಲಿ ಮಣ್ಣು ಸಡ್ಲ ಇತ್ತು ಕಣಮ್ಮಿ. ಇಲ್ದಿದ್ರೆ ಯಾರು ಇಡೀತಿದ್ರು ನಿನ್ನ?"

ಬಸ್ಸು ಗುಂಡ್ಲುಪೇಟೆ ತಲುಪುವವರೆಗೂ ಹಾಗೇ ಹೇಳುತ್ತಿದ್ದರು. ನಾನು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ.

ಮಾಮ ತೀರಿಕೊಂಡು ಬಹಳ ವರ್ಷಗಳಾದವು. ಅವರ ಅಂಗಡಿಯಿದ್ದಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಓದಿನಲ್ಲಿ, ಕೆಲಸದಲ್ಲಿ ನಾನು ಆಮೇಲೂ ಎಷ್ಟೋ ಸಲ ಹಿಂದೆ ಬಿದ್ದಿದ್ದೇನೆ. ಸಮಾಧಾನ ಹೇಳುವವರಿಗೇನೂ ಕಡಿಮೆಯಿಲ್ಲ. ನಾನು ಸೋತೆನೆಂಬುದನ್ನೇ ಒಪ್ಪದೆ, ಇಲ್ಲದ ನೆಪ ಹುಡುಕಿ ನನ್ನ ಪರವಾಗಿ ಜಗಳಕ್ಕೆ ನಿಲ್ಲುವವರು ಮಾತ್ರ ಈಗ ಯಾರೂ ಇಲ್ಲ.